ಉಕ್ಕಿನ ಊರುಗಳೂ ಕಂಬಿಯ ದಾರಿಗಳೂ

ಉಕ್ಕಿನ ಕಾರ್ಖಾನೆಗಳನ್ನು ಕುರಿತು ಬರೆದವರಲ್ಲಿ ಬಹುಮಂದಿ ಊದುಕುಲುಮೆಯ ಔನ್ನತ್ಯವನ್ನೂ, ಇರುಳಿನ ಆಕಾಶವನ್ನು ಕೆಂಪೇರಿಸುವ ಅದರ ಜ್ವಾಲೆಯನ್ನೂ, ಕರಗಿದ ಲೋಹದ ಪ್ರವಾಹವನ್ನೂ ವರ್ಣಿಸಿ ತೃಪ್ತರಾಗಿದ್ದಾರೆ. ಆ ಕುಲುಮೆಯ ಬಾಯಿಗೆ ಅಹೋರಾತ್ರಿ ಅದಿರನ್ನೂ ಇಂಧನವನ್ನೂ ತಂದೊದಗಿಸಿ, ಅದರ ಬುಡದಿಂದ ಹೊರಬಿದ್ದುದನ್ನೆಲ್ಲ ಹೊತ್ತು ಸಾಗಿಸಿದ ಕಂಬಿಯ ದಾರಿಗಳನ್ನೂ ಸರಕು ವ್ಯಾಗನ್ನುಗಳನ್ನೂ ಪ್ರತ್ಯೇಕವಾಗಿ ವಿಚಾರಿಸಿದವರು ವಿರಳ. ಆದರೆ ಅಂಥ ಕಾರ್ಖಾನೆಯೊಂದು ಊರಿನ ನಡುವೆ ಹೇಗೆ ಬಂದು ನೆಲೆಸಿತು, ಎಷ್ಟು ಕಾಲ ಬಾಳಿತು, ಯಾವ ಕಾರಣದಿಂದ ಕ್ಷೀಣಿಸಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸಿ ಹೊರಟವನಿಗೆ, ಕುಲುಮೆಗಿಂತಲೂ ಅದನ್ನು ಸುತ್ತುವರಿದ ಕಂಬಿಗಳ ಜಾಲವೇ ಹೆಚ್ಚನ್ನು ತಿಳಿಸಿಕೊಡುತ್ತದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಅಮೆರಿಕದ ಪಿಟ್ಸ್‌ಬರ್ಗ್ ನಗರವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಜಮ್‌ಷೆಡ್‌ಪುರದ ಮಾರ್ಗವಾಗಿ ನಮ್ಮ ಭದ್ರಾವತಿಯವರೆಗೆ ಈ ವಿಷಯವನ್ನು ಪರಾಮರ್ಶಿಸುವುದು ಇಲ್ಲಿಯ ಉದ್ದೇಶ.

ಮೊದಲು ಒಂದು ಸರಳವಾದ ಲೆಕ್ಕವನ್ನು ನೋಡತಕ್ಕದ್ದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಊದುಕುಲುಮೆಗೆ ಒಂದು ಟನ್ನು ಬೀಡುಕಬ್ಬಿಣವನ್ನು ಕೊಡಬೇಕಾದರೆ ಸುಮಾರು ಎರಡು ಟನ್ನು ಅದಿರು, ಒಂದು ಟನ್ನು ಕೋಕ್ (ಕಲ್ಲಿದ್ದಲಿನಿಂದ ಪಡೆದ ಇಂಧನ), ಅರ್ಧ ಟನ್ನು ಸುಣ್ಣಕಲ್ಲು ಬೇಕಾಗುತ್ತಿದ್ದುವು. ದಿನಕ್ಕೆ 500 ಟನ್ನು ಕಬ್ಬಿಣವನ್ನು ಹೊರಹಾಕುವ ಒಂದೇ ಕುಲುಮೆಯ ಬಳಿಗೆ ಪ್ರತಿದಿನವೂ 1,750 ಟನ್ನು ಪದಾರ್ಥವು ಬಂದು ಬೀಳಬೇಕು. ಅಂದರೆ ತಲಾ 50 ಟನ್ನು ಹೊರುವ 35 ವ್ಯಾಗನ್ನುಗಳು ಬರಬೇಕು, ಖಾಲಿಯಾಗಬೇಕು, ಹಿಂದಿರುಗಬೇಕು. ಐದಾರು ಕುಲುಮೆಗಳು ಸಾಲಾಗಿ ಉರಿಯುವ ಕಾರ್ಖಾನೆಯಲ್ಲಿ ಈ ಸಂಖ್ಯೆಯು ದಿನಕ್ಕೆ ಇನ್ನೂರಕ್ಕೆ ಏರುತ್ತದೆ. ತಯಾರಾದ ಲೋಹವನ್ನೂ ಕಿಟ್ಟವನ್ನೂ ಹೊತ್ತೊಯ್ಯುವ ಬಂಡಿಗಳು ಈ ಲೆಕ್ಕಕ್ಕೆ ಸೇರಿಲ್ಲ. ಊದುಕುಲುಮೆಯನ್ನು ಒಮ್ಮೆ ಹೊತ್ತಿಸಿದ ಮೇಲೆ ಹಬ್ಬವೆಂದೋ ಮಳೆಯೆಂದೋ ಆರಿಸುವಂತಿಲ್ಲವಾದುದರಿಂದ, ಈ ಬಂಡಿಗಳ ಸಾಲು ಒಂದು ದಿವಸವಾದರೂ ತಪ್ಪಿದರೆ ಸಂಗ್ರಹದ ಅಂಗಳವು ಬರಿದಾಗುವ ಭಯವು ಮ್ಯಾನೇಜರನನ್ನು ಸದಾ ಬಾಧಿಸುತ್ತಿದ್ದಿತು.

ಪಿಟ್ಸ್‌ಬರ್ಗಿನ ಸನ್ನಿವೇಶವು ಈ ಕಷ್ಟವನ್ನು ಇಮ್ಮಡಿಗೊಳಿಸಿತು. ಅಲಿಗೆನಿ, ಮೊನಾಂಗಹೀಲ ಎಂಬೆರಡು ನದಿಗಳು ಕೂಡಿ ಒಹಾಯೋ ನದಿಯಾಗುವ ಸಂಗಮದಲ್ಲಿ ಆ ನಗರವಿದೆ. ನದಿಗಳ ಇಕ್ಕೆಲಗಳಲ್ಲಿಯೂ ಕಡಿದಾದ ಗುಡ್ಡಗಳು ನಿಂತಿರುವುದರಿಂದ ಸಮತಟ್ಟಾದ ಭೂಮಿ ದಡದುದ್ದಕ್ಕೂ ಒಂದು ಕಿರಿದಾದ ಪಟ್ಟಿಯಾಗಿ ಮಾತ್ರ ದೊರೆಯುತ್ತದೆ. ಆ ಪಟ್ಟಿಯಲ್ಲಿಯೇ ಕಾರ್ಖಾನೆಯೂ ಕಂಬಿಯೂ ಬೀದಿಯೂ ಕಾರ್ಮಿಕನ ಮನೆಯೂ ನೆಲೆಯನ್ನು ಕಂಡುಕೊಳ್ಳಬೇಕಾಯಿತು. ಕಲ್ಲಿದ್ದಲು ಸಮೀಪದ ಗುಡ್ಡಗಳಲ್ಲಿಯೇ ಇದ್ದು, ಬಹುಭಾಗ ನದಿಯ ದೋಣಿಗಳಲ್ಲಿ ಬರುತ್ತಿದ್ದಿತು. ಆದರೆ ಅದಿರು ನೂರಾರು ಮೈಲಿಗಳಾಚೆ, ಮಿನೆಸೋಟದ ಮೆಸಾಬಿ ಶ್ರೇಣಿಯಲ್ಲಿದ್ದಿತು. ಅಲ್ಲಿಂದ ಸುಪೀರಿಯರ್ ಸರೋವರದ ಬಂದರಿಗೆ ರೈಲಿನಲ್ಲಿ, ಬಂದರಿನಿಂದ ಈರಿ ಸರೋವರದ ದಂಡೆಯ ಕೊನಿಯಾಟ್ ಮೊದಲಾದ ಸ್ಥಳಗಳಿಗೆ ಹಡಗಿನಲ್ಲಿ, ಅಲ್ಲಿಂದ ಪುನಃ ರೈಲಿನಲ್ಲಿ, ಹೀಗೆ ಮೂರು ವಾಹನಗಳನ್ನೇರಿ ಅದು ಕುಲುಮೆಯನ್ನು ಸೇರುತ್ತಿದ್ದಿತು. ಹಡಗಿನ ಒಡಲಿನಿಂದ ಅದಿರನ್ನು ಬಾಚಿ ತೆಗೆಯುವ, ಜಾರ್ಜ್ ಹ್ಯೂಲೆಟ್ ರಚಿಸಿದ ದೈತ್ಯ ಯಂತ್ರವು ಮೊದಲು 1899ರಲ್ಲಿ ಕೊನಿಯಾಟ್ ಬಂದರಿನಲ್ಲಿಯೇ ಕೆಲಸಕ್ಕೆ ನಿಂತಿತು.

ಸಾಗಾಣಿಕೆಯ ದರವೇ ಉಕ್ಕಿನ ಬೆಲೆಯನ್ನು ನಿರ್ಣಯಿಸುತ್ತದೆಂಬುದನ್ನು ಆಂಡ್ರೂ ಕಾರ್ನೆಗಿಯಷ್ಟು ಸ್ಪಷ್ಟವಾಗಿ ಗ್ರಹಿಸಿದವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ. ಆತನು ಉಕ್ಕಿಗೆ ಬರುವ ಮುನ್ನ ಪೆನ್ಸಿಲ್ವೇನಿಯ ರೈಲ್ವೆಯಲ್ಲಿ ಉದ್ಯೋಗಿಯಾಗಿದ್ದವನು. 1875ರಲ್ಲಿ ಬ್ರ್ಯಾಡಕ್ ಎಂಬಲ್ಲಿ ಕೆಲಸವನ್ನಾರಂಭಿಸಿದ ತನ್ನ ಕಾರ್ಖಾನೆಗೆ ಆ ರೈಲ್ವೆಯ ಅಧ್ಯಕ್ಷನಾಗಿದ್ದ ಎಡ್ಗರ್ ಥಾಮ್ಸನ್ನನ ಹೆಸರನ್ನೇ ಇಟ್ಟನು. ಎರಡು ರೈಲ್ವೆಗಳೂ ನದಿಯೂ ಒಂದೇ ಕಡೆ ಕೈಗೆಟುಕುವ ಸ್ಥಳವನ್ನು ಅದಕ್ಕಾಗಿ ಆರಿಸಿಕೊಂಡನು. ಒಂದೇ ರೈಲ್ವೆಯ ಕೃಪೆಗೆ ಒಳಪಟ್ಟ ಕಾರ್ಖಾನೆಯು ಅದು ಹೇಳಿದ ದರವನ್ನು ತೆರಬೇಕಾಗುವುದೆಂಬುದು ಅವನಿಗೆ ಗೊತ್ತಿದ್ದಿತು. ಆ ಕಾರ್ಖಾನೆಯ ಮೊದಲ ಸರಕು ರೈಲು ಕಂಬಿಗಳೇ. ಇಷ್ಟಾದರೂ ದರಗಳ ವಿಷಯದಲ್ಲಿ ಪೆನ್ಸಿಲ್ವೇನಿಯ ರೈಲ್ವೆಯೊಡನೆ ಅವನ ವ್ಯಾಜ್ಯವು ತೀರದೆ ಹೋದುದರಿಂದ, 1890ರ ದಶಕದ ಉತ್ತರಾರ್ಧದಲ್ಲಿ ಸರೋವರದಿಂದ ಪಿಟ್ಸ್‌ಬರ್ಗಿನ ಸಮೀಪದವರೆಗಿನ, ಮುಂದೆ ಬೆಸಿಮರ್ ಅಂಡ್ ಲೇಕ್ ಈರಿ ಎಂದು ಹೆಸರಾದ ಮಾರ್ಗವನ್ನು ತನ್ನ ವಶಕ್ಕೆ ತೆಗೆದುಕೊಂಡು, ಭಾರವಾದ ಕಂಬಿಗಳನ್ನು ಹಾಕಿಸಿ, ಪುನರ್ನಿರ್ಮಿಸಿದನು. ದಕ್ಷಿಣಾಭಿಮುಖವಾಗಿ ಅದಿರನ್ನು ತಂದ ಗಾಡಿಗಳು ಉತ್ತರಾಭಿಮುಖವಾಗಿ ಕಲ್ಲಿದ್ದಲನ್ನು ಒಯ್ಯುವಂತಾದುದು ಈ ಯೋಜನೆಯ ಜೀವಾಳ. ಒಂದು ದಿಕ್ಕಿನಲ್ಲಿ ತುಂಬಿ, ಮತ್ತೊಂದು ದಿಕ್ಕಿನಲ್ಲಿ ಬರಿದಾಗಿ ಓಡುವ ಗಾಡಿಯ ಖರ್ಚನ್ನೆಲ್ಲ ತುಂಬಿದ ಗಾಡಿಯೇ ಹೊರಬೇಕಾಗುತ್ತದೆ. ಸರಕು ಸಾಗಾಣಿಕೆಯ ಅರ್ಥಶಾಸ್ತ್ರವನ್ನು ತಿಳಿಯಬೇಕೆನ್ನುವವರು ಇದೊಂದನ್ನು ಮನಗಂಡರೆ ಅರ್ಧವನ್ನು ತಿಳಿದಂತಾಯಿತು.

ವ್ಯಾಗನ್ನುಗಳ ವಿಷಯವು ಇದಕ್ಕಿಂತ ಸ್ವಾರಸ್ಯವುಳ್ಳದ್ದು. ಅದಿರು ಬಹು ಭಾರವಾದುದು, ಕೋಕ್ ಬಹು ಹಗುರವಾದುದು. ಕಲ್ಲಿದ್ದಲಿಗೆಂದು ಮಾಡಿದ ಬಂಡಿಗೆ ಅಂಚಿನವರೆಗೆ ಅದಿರನ್ನು ತುಂಬಿದರೆ ಅಚ್ಚು ಮುರಿದೀತು. ಅದೇ ಬಂಡಿಗೆ ಕೋಕನ್ನು ತುಂಬಿದರೆ ಸ್ಥಳವೆಲ್ಲ ಮುಗಿದರೂ ತೂಕವು ಸಾಲದು. ಆದುದರಿಂದ ಅದಿರಿಗೆ ಗಿಡ್ಡನೆಯ ಗಟ್ಟಿ ಬಂಡಿಗಳೂ ಕೋಕಿಗೆ ಎತ್ತರದ ಪಕ್ಕೆಗಳುಳ್ಳ ಬಂಡಿಗಳೂ ರೂಪುಗೊಂಡುವು. ಇವುಗಳ ತಳವು ಇಳಿಜಾರಾದ ಬಾಗಿಲುಗಳಾಗಿ ತೆರೆದುಕೊಂಡು, ಸರಕು ತನ್ನ ತೂಕದಿಂದಲೇ ಕೆಳಗಿನ ತೊಟ್ಟಿಗಳಿಗೆ ಜಾರುವಂತೆ ಏರ್ಪಾಡಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಂಡಿಗಳ ಮೈಯೆಲ್ಲ ಮರದ್ದು. 1897ರಲ್ಲಿ ಚಾರ್ಲ್ಸ್ ಷೋಯೆನ್ ಎಂಬ ಉದ್ಯಮಿಯು ಕಾರ್ನೆಗಿಯ ಮಾರ್ಗಕ್ಕಾಗಿ ಒತ್ತಿದ ಉಕ್ಕಿನ ಹಲಗೆಗಳ ಬಂಡಿಗಳನ್ನು ಮಾಡಿಕೊಟ್ಟ ಮೇಲೆ ಮರದ ಬಂಡಿಯ ಕಾಲವು ಮುಗಿಯುತ್ತ ಬಂದಿತು. ಉಕ್ಕಿನ ಕಾರ್ಖಾನೆಯು ಬಂಡಿಗೆ ಬೇಕಾದ ಹಲಗೆಯನ್ನು ಕೊಟ್ಟಿತು, ಆ ಬಂಡಿಯು ಕಾರ್ಖಾನೆಗೆ ಬೇಕಾದ ಅದಿರನ್ನು ತಂದಿತು. ಆದರೆ ಬಂಡಿಗಳನ್ನು ತಯಾರಿಸುತ್ತಿದ್ದವರ ಬದುಕು ಸುಖದ್ದಾಗಿರಲಿಲ್ಲ. ಪಿಟ್ಸ್‌ಬರ್ಗಿನ ಪಕ್ಕದ ಮೆಕೀಸ್ ರಾಕ್ಸ್‌ನಲ್ಲಿದ್ದ ಆ ಕಾರ್ಖಾನೆಯಲ್ಲಿ 1909ರಲ್ಲಿ ನಡೆದ ಮುಷ್ಕರವು ರಕ್ತಪಾತಕ್ಕೆ ತಿರುಗಿ, ಕನಿಷ್ಠಪಕ್ಷ ಹನ್ನೆರಡು ಮಂದಿ ಪ್ರಾಣವನ್ನು ಕಳೆದುಕೊಂಡರು.

ಕಾರ್ಖಾನೆಯ ಹೊರಗಿನ ದಾರಿ ಹೀಗಿರಲು, ಒಳಗಿನ ದಾರಿಯದೇ ಬೇರೊಂದು ಲೋಕ. ಜೋನ್ಸ್ ಮತ್ತು ಲಾಫ್ಲಿನ್ ಕಂಪನಿಯ ಎಲೈಜಾ ಕುಲುಮೆಗಳು ಮೊನಾಂಗಹೀಲದ ಉತ್ತರದ ದಡದಲ್ಲಿಯೂ, ಉಕ್ಕನ್ನು ತಯಾರಿಸುವ ಒಲೆಗಳು ದಕ್ಷಿಣದ ದಡದಲ್ಲಿಯೂ ಇದ್ದುವು. ಕಬ್ಬಿಣವನ್ನು ತಣಿಸಿ, ಅಚ್ಚುಗಳನ್ನಾಗಿ ಮಾಡಿ, ಆಚೆಯ ದಡಕ್ಕೆ ಸಾಗಿಸಿ, ಪುನಃ ಕರಗಿಸುವುದು ಇಂಧನದ ಅಪವ್ಯಯವಾದುದರಿಂದ, ಕರಗಿದ ಲೋಹವನ್ನೇ ಬಂಡಿಗಳಲ್ಲಿ ತುಂಬಿ ನದಿಯನ್ನು ದಾಟಿಸುವ ಸಾಹಸಕ್ಕೆ ಕಂಪನಿಯು ಕೈಯಿಕ್ಕಿತು. ಅದಕ್ಕೆಂದೇ 1900ರ ಸುಮಾರಿಗೆ ಕಟ್ಟಿದ ಸೇತುವೆಗೆ ಜನರು ಹಾಟ್ ಮೆಟಲ್ ಬ್ರಿಡ್ಜ್ ಎಂದೇ ಹೆಸರಿಟ್ಟರು. ಅದರ ಮಗ್ಗುಲಿನಲ್ಲಿ, ಕಂಪನಿಯ ಸ್ವಂತದ್ದಾದ ಮೊನಾಂಗಹೀಲ ಕನೆಕ್ಟಿಂಗ್ ರೈಲ್ವೆಯು ಇತರ ಸರಕಿಗಾಗಿ ಇನ್ನೊಂದು ಸೇತುವೆಯನ್ನು ನಿರ್ಮಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಟೆಗೆ 180 ಟನ್ನುಗಳವರೆಗೆ ಲೋಹವು ಈ ಮಾರ್ಗವಾಗಿ ನದಿಯನ್ನು ದಾಟುತ್ತಿದ್ದಿತು. ಲೋಹವನ್ನು ಹೊರುವ ಬಂಡಿಯ ಒಳಮೈಗೆ ಬೆಂಕಿಯನ್ನು ತಾಳುವ ಇಟ್ಟಿಗೆಯನ್ನು ಹೊಂದಿಸಿರುತ್ತಾರೆ. ಮುಂದೆ ಬಳಕೆಗೆ ಬಂದ ಟಾರ್ಪೆಡೊ ಬಂಡಿಯು ಎರಡು ತುದಿಗಳಲ್ಲಿ ಸಪೂರವಾಗಿ ಮಧ್ಯದಲ್ಲಿ ಉಬ್ಬಿದ ಮುಚ್ಚಿದ ಪಾತ್ರೆಯಾಗಿದ್ದು, ಲೋಹವನ್ನು ಅನೇಕ ಗಂಟೆಗಳವರೆಗೆ ದ್ರವವಾಗಿಯೇ ಉಳಿಸಬಲ್ಲುದು. ಇಂಥ ಬಂಡಿಯು ಓಡುವ ದಾರಿಯಲ್ಲಿ ಕಡಿದಾದ ಏರಾಗಲಿ, ಬಿಗಿಯಾದ ತಿರುವಾಗಲಿ, ಸಡಿಲಗೊಂಡ ಸ್ಲೀಪರಾಗಲಿ ಇರಕೂಡದು. ಕಂಬಿಯನ್ನು ಪ್ರತಿದಿನ ನಡೆದು ಪರೀಕ್ಷಿಸುತ್ತಿದ್ದ ಗ್ಯಾಂಗಿನವನ ಕಣ್ಣಿನ ಮೇಲೆಯೇ ಸಾವಿರಾರು ಜನರ ಕ್ಷೇಮವು ನಿಂತಿದ್ದಿತೆಂದರೆ ಉತ್ಪ್ರೇಕ್ಷೆಯಲ್ಲ.

ಕಿಟ್ಟದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕುಲುಮೆಯಿಂದ ಬರುವ ಈ ಉರಿಯುವ ಕಶ್ಮಲವನ್ನು ಬಟ್ಟಲಿನಾಕಾರದ ಬಂಡಿಗಳಲ್ಲಿ ಊರಿನ ಅಂಚಿಗೆ ಒಯ್ದು, ಇಳಿಜಾರಿನ ಮೇಲಿಂದ ಸುರಿಯುತ್ತಿದ್ದರು. ವೆಸ್ಟ್ ಮಿಫ್ಲಿನ್‌ನಲ್ಲಿದ್ದ ಬ್ರೌನ್ಸ್ ಡಂಪ್ ಎಂಬ ಕಿಟ್ಟದ ಗುಡ್ಡದ ಬಳಿಗೆ ರಾತ್ರಿಯ ವೇಳೆ ಸಂಸಾರಸಮೇತರಾಗಿ ಜನರು ಹೋಗಿ ಆ ಅಗ್ನಿಪ್ರವಾಹವನ್ನು ನೋಡುತ್ತಿದ್ದರಂತೆ. ಅದೇ ಗುಡ್ಡದ ಮೇಲೆ 1979ರಲ್ಲಿ ಒಂದು ದೊಡ್ಡ ವ್ಯಾಪಾರ ಮಳಿಗೆಯು ತೆರೆಯಿತು.

ಈ ಕಂಬಿಗಳ ನಡುವೆ ದುಡಿದವರ ವಿಷಯವನ್ನು ಬಿಟ್ಟು ಮುಂದುವರಿಯುವುದು ನ್ಯಾಯವಲ್ಲ. ಹಳೆಯ ಕಾಲದಲ್ಲಿ ಎರಡು ಬಂಡಿಗಳನ್ನು ಜೋಡಿಸಬೇಕಾದರೆ ಷಂಟಿಂಗ್ ಕೆಲಸದವನು ಅವುಗಳ ಮಧ್ಯೆ ನಿಂತು, ಕೊಂಡಿಯನ್ನು ಕೈಯಿಂದ ಹಿಡಿದು, ಬಂಡಿಗಳು ಡಿಕ್ಕಿಯಾಗುವ ಕ್ಷಣದಲ್ಲಿಯೇ ಮೊಳೆಯನ್ನು ಇಳಿಸಬೇಕಾಗಿದ್ದಿತು. ಬೆರಳುಗಳನ್ನು ಕಳೆದುಕೊಂಡವರೂ ಪ್ರಾಣವನ್ನೇ ತೆತ್ತವರೂ ಅಸಂಖ್ಯಾತರು. ತಾನಾಗಿಯೇ ಕೂಡಿಕೊಳ್ಳುವ ಕೊಂಡಿಗೆ ಈಲೈ ಜಾನ್ನಿ ಎಂಬಾತನು 1873ರಲ್ಲಿಯೇ ಪೇಟೆಂಟನ್ನು ಪಡೆದಿದ್ದರೂ, ಅದನ್ನು ಅಳವಡಿಸಲೇಬೇಕೆಂಬ ಶಾಸನವು ಅಮೆರಿಕದಲ್ಲಿ ಬಂದುದು 1893ರಲ್ಲಿ. ಉಪಾಯವು ಕೈಯಲ್ಲಿದ್ದರೂ ಇಪ್ಪತ್ತು ವರ್ಷಗಳ ಕಾಲ ಕಾರ್ಮಿಕರ ಬೆರಳುಗಳು ಹೋಗುತ್ತಲೇ ಇದ್ದುದು, ಖರ್ಚನ್ನು ಹೊರಬೇಕಾದವರು ಅದನ್ನು ಮುಂದೂಡಿದುದರ ಫಲ. ಇದಕ್ಕೆ ಬೇರೆ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆಯು ಅಮೆರಿಕದ ಉಕ್ಕಿನ ಉದ್ಯಮದಲ್ಲಿ 1923ರವರೆಗೂ ಸಾಮಾನ್ಯವಾಗಿದ್ದಿತು. ಅದೇ ವರ್ಷದಲ್ಲಿ ನಮ್ಮ ಭದ್ರಾವತಿಯ ಕುಲುಮೆಯು ಹೊತ್ತಿಕೊಂಡಿತು.

ನಗರಕ್ಕೆ ಈ ಕಂಬಿಗಳು ಮಾಡಿದುದೇನು? ಉದ್ಯೋಗವನ್ನು ತಂದುವು, ಸಂಪತ್ತನ್ನು ತಂದುವು. ಜೊತೆಗೆ ಜನವಸತಿಯನ್ನು ಅದರ ನದಿಯಿಂದ ಬೇರ್ಪಡಿಸಿದುವು. ಮಕ್ಕಳು ಶಾಲೆಗೆ ಹೋಗಬೇಕಾದರೂ, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದರೂ, ಮುಚ್ಚಿದ ಗೇಟಿನ ಮುಂದೆ ನಿಂತು ಉದ್ದನೆಯ ಗೂಡ್ಸ್ ಗಾಡಿಯು ಸರಿಯುವುದನ್ನೇ ಕಾಯಬೇಕಾಗಿದ್ದಿತು. ಉಗಿಯ ಎಂಜಿನ್ನುಗಳ ಹೊಗೆಯು ಕಾರ್ಖಾನೆಯ ಹೊಗೆಯೊಡನೆ ಬೆರೆತು ಪಿಟ್ಸ್‌ಬರ್ಗಿನಲ್ಲಿ ನಡುಹಗಲಿನಲ್ಲಿಯೂ ಬೀದಿಯ ದೀಪಗಳನ್ನು ಹೊತ್ತಿಸಬೇಕಾದ ದಿನಗಳು ಬಂದುವು. 1941ರಲ್ಲಿ ಅಂಗೀಕೃತವಾದ ಹೊಗೆಯ ನಿಯಂತ್ರಣದ ಶಾಸನವು ಯುದ್ಧವು ಮುಗಿದ ಮೇಲೆ ಜಾರಿಗೆ ಬಂದು, ರೈಲ್ವೆಗಳು ಡೀಸೆಲ್ ಎಂಜಿನ್ನುಗಳಿಗೆ ತಿರುಗಿದ ಮೇಲೆ ಆಕಾಶವು ತಿಳಿಯಾಯಿತು. ಇಂಥ ಸುಧಾರಣೆಯನ್ನು ಮೂವತ್ತು ವರ್ಷಗಳ ಮೊದಲೇ ಮಾಡಬಹುದಾಗಿದ್ದಿತೇ ಎಂಬ ಪ್ರಶ್ನೆಗೆ, ಯಂತ್ರದ ದೃಷ್ಟಿಯಿಂದ ಕಷ್ಟವಾಗುತ್ತಿದ್ದಿತೆಂದೂ, ಬೇರೆ ಜಾತಿಯ ಕಲ್ಲಿದ್ದಲನ್ನು ಬಳಸಿ ಹೊಗೆಯನ್ನು ಬಹುಮಟ್ಟಿಗೆ ತಗ್ಗಿಸಬಹುದಾಗಿದ್ದಿತೆಂದೂ ಹೇಳಬೇಕು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಳದಾರಿಗಳ ಪ್ರಾಮುಖ್ಯವು ಕುಗ್ಗಿತು. ಕರಗಿದ ಉಕ್ಕನ್ನು ನೇರವಾಗಿ ಪಟ್ಟಿಗಳಾಗಿ ಎರೆಯುವ ವಿಧಾನವು ಬಂದುದರಿಂದ, ಉಕ್ಕಿನ ಗಟ್ಟಿಗಳನ್ನು ಅಚ್ಚುಗಳ ಸಮೇತ ಒಂದು ಕಟ್ಟಡದಿಂದ ಮತ್ತೊಂದಕ್ಕೆ ಎಳೆಯುವ ಬಂಡಿಗಳ ಅಗತ್ಯವು ಉಳಿಯಲಿಲ್ಲ. ಹಳೆಯ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ಚಿಕ್ಕ ಕಾರ್ಖಾನೆಗಳು ಲಾರಿಗಳನ್ನೇ ನಂಬಿದುವು. ನದಿಯ ಕಿರಿದಾದ ದಡದಲ್ಲಿ ಕಂಬಿಗಳನ್ನು ಹೊಸದಾಗಿ ಹೊಂದಿಸಲು ಸ್ಥಳವಿಲ್ಲದ ಪಿಟ್ಸ್‌ಬರ್ಗಿನ ಹಳೆಯ ಕಾರ್ಖಾನೆಗಳು ಈ ಪರಿವರ್ತನೆಗೆ ಒಗ್ಗಲಾರದೆ ಹೋದುವು. ಎಲೈಜಾ ಕುಲುಮೆಗಳನ್ನು 1983ರಲ್ಲಿ ಕೆಡವಿದರು. ಹೋಮ್‌ಸ್ಟೆಡ್ ಕಾರ್ಖಾನೆಯು 1986ರಲ್ಲಿ ಮುಚ್ಚಿತು. ಬ್ರ್ಯಾಡಕ್ಕಿನ ಎಡ್ಗರ್ ಥಾಮ್ಸನ್ ಕಾರ್ಖಾನೆ ಮಾತ್ರ ಇಂದಿಗೂ ನಡೆಯುತ್ತಿದೆ. ಉಳಿದ ಕಂಬಿದಾರಿಗಳನ್ನು ಆ ನಗರವು ವ್ಯರ್ಥವಾಗಗೊಡಲಿಲ್ಲವೆಂಬುದು ಶ್ಲಾಘನೀಯ. ನದಿಯ ಮೇಲಿನ ಜೋಡಿ ಸೇತುವೆಗಳಲ್ಲಿ ಒಂದನ್ನು 2000ದಲ್ಲಿ ವಾಹನಗಳಿಗೂ, ಕರಗಿದ ಲೋಹವು ಹರಿದಿದ್ದ ಇನ್ನೊಂದನ್ನು 2007ರಲ್ಲಿ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ತೆರೆದುಕೊಟ್ಟರು. ಹೋಮ್‌ಸ್ಟೆಡ್ ಕಾರ್ಖಾನೆಗೆ ಸೇರಿದ್ದ ಕ್ಯಾರಿ ಎಂಬ ಕುಲುಮೆಗಳಲ್ಲಿ ಎರಡನ್ನು ರಾಷ್ಟ್ರೀಯ ಸ್ಮಾರಕವೆಂದು 2006ರಲ್ಲಿ ಮಾನ್ಯ ಮಾಡಿದರು.

ಭಾರತದಲ್ಲಿ ಉಕ್ಕಿನ ತಯಾರಿಕೆಯು ದೊಡ್ಡ ಪ್ರಮಾಣದಲ್ಲಿ ನೆಲೆಯೂರಿದುದು ಜಮ್‌ಷೆಡ್‌ಪುರದಲ್ಲಿ. ಟಾಟಾ ಸಂಸ್ಥೆಗೆ ಸಲಹೆಗಾರನಾಗಿ ಬಂದ ಚಾರ್ಲ್ಸ್ ಪೇಜ್ ಪೆರಿನ್ ಅಮೆರಿಕದವನು. ಪ್ರಮಥನಾಥ ಬೋಸರು ಸೂಚಿಸಿದ ಗೋರುಮಹಿಷಾನಿಯ ಅದಿರು, ಝರಿಯಾದ ಕಲ್ಲಿದ್ದಲು, ಬಂಗಾಳ–ನಾಗಪುರ ರೈಲ್ವೆಯ ಕಾಲಿಮಾಟಿ ಸ್ಟೇಷನ್ನು ಇವುಗಳ ಅಂತರಗಳನ್ನು ತೂಗಿ ನೋಡಿ ಸ್ಥಳವನ್ನು ನಿರ್ಧರಿಸಿದರು. 1911ರ ಡಿಸೆಂಬರಿನಲ್ಲಿ ಮೊದಲ ಕಬ್ಬಿಣವು ಹೊರಬಂದಿತು. ಇಲ್ಲಿ ಕಾರ್ಖಾನೆಯೇ ಮೊದಲು, ನಗರವು ಅನಂತರ. ಆದುದರಿಂದ ಪಿಟ್ಸ್‌ಬರ್ಗಿನ ಇಕ್ಕಟ್ಟು ಇಲ್ಲಿ ಆರಂಭದಲ್ಲಿ ಇರಲಿಲ್ಲ.

ಭದ್ರಾವತಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಬೆಂಕಿಪುರವೆಂಬ ಹೆಸರಿನ ಸಣ್ಣ ಊರಾಗಿದ್ದ ಈ ಸ್ಥಳದ ಮೇಲೆ ಬೀರೂರು–ಶಿವಮೊಗ್ಗ ಮೀಟರ್ ಗೇಜ್ ಮಾರ್ಗವು 1899ರಲ್ಲಿಯೇ ಹಾದುಹೋಗಿದ್ದಿತು. ಭದ್ರಾ ನದಿಯ ನೀರು, ಬಾಬಾಬುಡನ್ ಗಿರಿಗಳ ಕೆಮ್ಮಣ್ಣುಗುಂಡಿಯ ಅದಿರು, ಹತ್ತಿರದಲ್ಲಿಯೇ ಭಂಡಿಗುಡ್ಡದ ಸುಣ್ಣಕಲ್ಲು, ಸುತ್ತಣ ಮಲೆನಾಡಿನ ಕಾಡು, ಇವೆಲ್ಲ ಆ ಮಾರ್ಗಕ್ಕೆ ಸಮೀಪದಲ್ಲಿದ್ದುದರಿಂದ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯು ಇಲ್ಲಿ ನೆಲೆಗೊಂಡಿತು. ಪೆರಿನ್ನನ ಸಲಹೆಯು ಇದಕ್ಕೂ ದೊರೆತಿದ್ದಿತು. 1923ರ ಜನವರಿಯಲ್ಲಿ ಉತ್ಪಾದನೆಯು ಆರಂಭವಾಗಿ, ಅದೇ ವರ್ಷದಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದ ವಿಶ್ವೇಶ್ವರಯ್ಯನವರು ಖರ್ಚುಗಳನ್ನು ಬಿಗಿಹಿಡಿದು ಅದನ್ನು ಕಾಪಾಡಿದ ವೃತ್ತಾಂತವು ಸರ್ವವಿದಿತ.

ಅಷ್ಟಾಗಿ ವಿದಿತವಲ್ಲದುದು ಈ ಕಾರ್ಖಾನೆಯ ಬಂಡಿದಾರಿಗಳ ವೈಚಿತ್ರ್ಯ. ಕಲ್ಲಿದ್ದಲು ದೂರದ ಪ್ರಾಂತಗಳಲ್ಲಿದ್ದು, ಬ್ರಾಡ್ ಗೇಜಿನಿಂದ ಮೀಟರ್ ಗೇಜಿಗೆ ಬದಲಾಯಿಸಿ ತುಂಬಿ ತರಬೇಕಾದುದರಿಂದ ದುಬಾರಿಯಾಗುತ್ತಿದ್ದಿತು. ಆದುದರಿಂದ ಕಟ್ಟಿಗೆಯ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸುವ ನಿರ್ಧಾರವಾಯಿತು. ಒಂದು ಟನ್ನು ಇದ್ದಿಲಿಗೆ ನಾಲ್ಕೈದು ಟನ್ನು ಕಟ್ಟಿಗೆ ಬೇಕು. ಅಷ್ಟು ಕಟ್ಟಿಗೆಯನ್ನು ಎತ್ತಿನ ಗಾಡಿಗಳಲ್ಲಿ ತರುವುದು, ಮಲೆನಾಡಿನ ಮಳೆಗಾಲದಲ್ಲಂತೂ, ಅಸಾಧ್ಯವಾದುದರಿಂದ ಕಾಡಿನೊಳಕ್ಕೆ ಸಣ್ಣ ಗೇಜಿನ ಟ್ರಾಮ್‌ದಾರಿಗಳನ್ನು ಹಾಕಿದರು. ಕಾಡಿನ ಟ್ರಾಮ್‌ದಾರಿಯ ಸ್ವಭಾವವೇ ಬೇರೆ: ಮರ ಕಡಿಯುವ ಜಾಗವು ಮುಂದೆ ಸರಿದಂತೆ ಕಂಬಿಯನ್ನೂ ಕಿತ್ತು ಮುಂದಕ್ಕೆ ಒಯ್ಯಬೇಕಾಗುತ್ತದೆ. ಅದಿರಾದರೋ ಕೆಮ್ಮಣ್ಣುಗುಂಡಿಯ ಎತ್ತರದಿಂದ ಹಗ್ಗದ ದಾರಿಯ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮಿನಲ್ಲಿ ಭದ್ರಾವತಿಗೆ ಬರುತ್ತಿದ್ದಿತು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡು ಅಡಿ ಗೇಜಿನ ಪುಟ್ಟ ರೈಲೂ ಓಡುತ್ತಿದ್ದುದನ್ನು ನೆನೆದರೆ, ಆ ಸೀಮೆಯ ಕಾಡುಗಳಲ್ಲಿ ಆ ಕಾಲಕ್ಕೆ ಎಷ್ಟು ವಿಸ್ತಾರವಾದ ಕಂಬಿಯ ಜಾಲವು ಹಬ್ಬಿದ್ದಿತೆಂಬುದನ್ನು ಊಹಿಸಬಹುದು. ಕಾಡಿಗೆ ಇದರಿಂದಾದ ಹಾನಿಯನ್ನು ಮರೆಮಾಚುವ ಅಗತ್ಯವಿಲ್ಲ. ಜೋಗದ ವಿದ್ಯುತ್ತು ದೊರೆತು, ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಹಸಿವು ತಗ್ಗಿತು. ಅದರೊಂದಿಗೆ ಕಾಡಿನ ಕಂಬಿಗಳೂ ಅನಾವಶ್ಯಕವಾದುವು.

ಪಿಟ್ಸ್‌ಬರ್ಗಿಗೂ ಭದ್ರಾವತಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೂ ಎರಡು ಕಡೆಗಳಲ್ಲಿಯೂ ಸಾಗಾಣಿಕೆಯೇ ಪ್ರಾಣದ ಪ್ರಶ್ನೆಯಾಯಿತು. ಕೆಮ್ಮಣ್ಣುಗುಂಡಿಯ ಗಣಿಯು ನಿಂತ ಮೇಲೆ, ತನ್ನದೆನ್ನುವ ಅದಿರಿಲ್ಲದೆ ದೂರದ ಅದಿರನ್ನು ಕೊಂಡು ತರಬೇಕಾದ ಸ್ಥಿತಿಯು ಭದ್ರಾವತಿಗೆ ಒದಗಿತು. ಮೀಟರ್ ಗೇಜ್ ಮಾರ್ಗವು ಬ್ರಾಡ್ ಗೇಜಾಗಿ ಪರಿವರ್ತನೆಗೊಂಡುದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ಹೊತ್ತಿಗೆ ಸ್ಪರ್ಧೆಯಲ್ಲಿ ಕಾರ್ಖಾನೆಯು ಹಿಂದೆ ಬಿದ್ದಾಗಿದ್ದಿತು. ಅದಿರಿನ ಮಗ್ಗುಲಿನಲ್ಲಿಯೇ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ, ಬ್ರಾಡ್ ಗೇಜಿನ ಪಕ್ಕದಲ್ಲಿ ಬೆಳೆದ ಹೊಸ ಕಾರ್ಖಾನೆಯ ಭಾಗ್ಯವನ್ನು ಇದರೊಡನೆ ಹೋಲಿಸಿದರೆ, ಕಾರ್ಮಿಕರ ಆಲಸ್ಯವೆಂದೂ ಸರ್ಕಾರದ ಅಸಾಮರ್ಥ್ಯವೆಂದೂ ಸುಲಭವಾಗಿ ದೂರುವವರು ಭೂಗೋಳವನ್ನು ಮರೆತಿದ್ದಾರೆಂದು ತೋರುತ್ತದೆ. 2023ರ ಜನವರಿಯಲ್ಲಿ, ಕಾರ್ಖಾನೆಯು ನೂರು ವರ್ಷಗಳನ್ನು ಪೂರೈಸಿದ ತಿಂಗಳಿನಲ್ಲಿಯೇ, ಅದನ್ನು ಮುಚ್ಚುವ ನಿರ್ಣಯವು ಹೊರಬಿದ್ದಿತು. ಕಾರ್ಮಿಕರ ಹೋರಾಟದ ತರುವಾಯ ಅದೇ ವರ್ಷ ಒಂದು ಭಾಗದಲ್ಲಿ ಕೆಲಸವು ಪುನಃ ಆರಂಭವಾಯಿತು.

ಕಾರ್ಖಾನೆಯು ಉಳಿಯಲಿ ಎಂಬುದೇ ನಮ್ಮೆಲ್ಲರ ಹಾರೈಕೆ. ಆದರೆ ಉಳಿದರೂ ಅಳಿದರೂ ಮಾಡಲೇಬೇಕಾದ ಒಂದು ಕೆಲಸವಿದೆ. ತಣಿಗೆಬೈಲಿನ ಹಗ್ಗದ ದಾರಿಯೂ ಕಾಡಿನ ಟ್ರಾಮ್‌ದಾರಿಗಳೂ ಎಲ್ಲೆಲ್ಲಿ ಹಾದುಹೋಗಿದ್ದುವೆಂಬುದನ್ನು ಸ್ಥಳವನ್ನು ನಡೆದು ನೋಡಿ ನಕ್ಷೆಯಲ್ಲಿ ಗುರುತಿಸುವ ಕಾರ್ಯವನ್ನು, ಭದ್ರಾವತಿಗೆ ಹತ್ತಿರದ ಶಂಕರಘಟ್ಟದಲ್ಲಿಯೇ ಇರುವ ಕುವೆಂಪು ವಿಶ್ವವಿದ್ಯಾನಿಲಯದ ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೆತ್ತಿಕೊಳ್ಳಬೇಕು. ಆ ಟ್ರಾಮುಗಳನ್ನು ನಡೆಸಿದ, ಕಂಬಿಯನ್ನು ಹಾಸಿದ, ಅದಿರನ್ನು ತುಂಬಿದ ಮನೆತನಗಳು ಇನ್ನೂ ಆ ಊರಿನಲ್ಲಿವೆ. ತಾತಂದಿರ ಕಾಲದ ಫೋಟೋ, ಡ್ಯೂಟಿಯ ಪುಸ್ತಕ, ಸಂಬಳದ ಚೀಟಿ, ಏನೇ ಮನೆಯ ಪೆಟ್ಟಿಗೆಯಲ್ಲಿದ್ದರೂ ಅದನ್ನು ಹಳೆಯ ಕಾಗದವೆಂದು ತೂಕಕ್ಕೆ ಹಾಕದೆ, ನಕಲು ಮಾಡಿಕೊಳ್ಳುವುದಕ್ಕಾದರೂ ಆ ಅಧ್ಯಾಪಕರ, ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ಭದ್ರಾವತಿ, ತರೀಕೆರೆ ಸೀಮೆಯ ಓದುಗರಲ್ಲಿ ನನ್ನ ವಿಜ್ಞಾಪನೆ.